ಹನ್ನೆರಡು ಬೀದಿಯ ಊರು

ಓಣಂ ಪರೀಕ್ಷೆಯ ಉತ್ತರಪತ್ರಿಕೆಗಳು ಮಕ್ಕಳ ಕೈಸೇರುವ ಹೊತ್ತಿಗೆ ಕಾಸರಗೋಡಿನ ಕನ್ನಡ ಶಾಲೆಗಳಲ್ಲಿ ಪ್ರವಾಸದ ಮಾತು ಮೊದಲಾಗುತ್ತದೆ. ಅಧ್ಯಾಪಕರ ಕೊಠಡಿಯಲ್ಲಿ ಬಸ್ಸಿನ ಬಾಡಿಗೆಯ ಲೆಕ್ಕ, ಪಿ.ಟಿ.ಎ. ಸಭೆಯಲ್ಲಿ ಒಂದು ದಿನವೋ ಎರಡು ದಿನವೋ ಎಂಬ ಚರ್ಚೆ, ಮನೆಗಳಲ್ಲಿ ಹೊಸ ಚಪ್ಪಲಿಯ ಬೇಡಿಕೆ. ಮೈಸೂರು, ಬೇಲೂರು, ಹಳೇಬೀಡುಗಳ ಸಾಲಿಗೆ ಈಚಿನ ವರ್ಷಗಳಲ್ಲಿ ವಯನಾಡೂ ಸೇರಿದೆ. ಕಣ್ಣೂರು, ಕೂತುಪರಂಬ, ನೆಡುಂಪೊಯಿಲ್ ದಾಟಿ ಪೇರಿಯ ಘಟ್ಟವೇರಿದರೆ ಮಾನಂತವಾಡಿ. ಅಲ್ಲಿಂದ ಮುಂದೆ ಬಾಣಾಸುರ ಸಾಗರದ ಅಣೆಕಟ್ಟು, ಪೂಕೋಡು ಕೆರೆ, ಒಂದೆರಡು ಜಲಪಾತ. ನಡುವೆ ಸುಲ್ತಾನ್ ಬತ್ತೇರಿಯಲ್ಲಿ ಊಟಕ್ಕೆ ಇಳಿದು, ಕೈತೊಳೆದು, ಮತ್ತೆ ಬಸ್ಸು ಹತ್ತುವುದು ವಾಡಿಕೆಯ ಕ್ರಮ.

ಊಟಕ್ಕೆಂದು ಇಳಿಯುವ ಆ ಊರು ಒಂದು ಕಾಲಕ್ಕೆ ಕನ್ನಡದ ಹೆಸರನ್ನು ಹೊತ್ತಿತ್ತೆಂಬುದು ಬಸ್ಸಿನಲ್ಲಿರುವ ಹೆಚ್ಚಿನವರಿಗೆ ತಿಳಿದಿರುವುದಿಲ್ಲ.

ಬತ್ತೇರಿ ಎಂದೊಡನೆ ಕಾಸರಗೋಡಿನ ಮಕ್ಕಳಿಗೆ ನೆನಪಾಗುವುದು ಮಂಗಳೂರಿನ ಬೋಳೂರಿನಲ್ಲಿ, ಗುರುಪುರ ನದಿಯ ದಡದಲ್ಲಿ ನಿಂತಿರುವ ಟಿಪ್ಪುವಿನ ಕಾವಲು ಗೋಪುರ. ಹೆಸರೊಂದೇ, ಕಥೆಯೂ ಒಂದೇ ಬಗೆಯದು. ತೋಪುಗಳನ್ನೂ ಮದ್ದುಗುಂಡುಗಳನ್ನೂ ಇರಿಸಿದ ಸ್ಥಳಕ್ಕೆ ಇಂಗ್ಲಿಷರು ಬ್ಯಾಟರಿ ಎಂದರು. ಜನರ ನಾಲಗೆ ಅದನ್ನು ಬತ್ತೇರಿಯಾಗಿಸಿತು. ಆದರೆ ಮಂಗಳೂರಿನಲ್ಲಿ ಗೋಪುರವಾದರೂ ಕಣ್ಣೆದುರಿಗಿದೆ. ವಯನಾಡಿನ ಬತ್ತೇರಿಯಲ್ಲಿ ಸುಲ್ತಾನನ ಕೋಟೆಯನ್ನು ಹುಡುಕಿ ಹೋದವರಿಗೆ ಸಿಗುವುದು ಒಂದು ಜೈನ ಬಸದಿ. ಟಿಪ್ಪುವಿನ ಸೈನ್ಯವು ಮದ್ದುಗುಂಡುಗಳ ಉಗ್ರಾಣವಾಗಿ ಬಳಸಿದ ಕಟ್ಟಡ ಅದೇ. ಊರಿಗೆ ಸುಲ್ತಾನನ ಹೆಸರು ತಂದುಕೊಟ್ಟದ್ದು ಈ ಬಸದಿಯ ಗಟ್ಟಿಯಾದ ಕಲ್ಲುಗೋಡೆ.

ಸುಲ್ತಾನನ ಹೆಸರಿಗೆ ಮುಂಚೆ ಊರಿಗೆ ಗಣಪತಿವಟ್ಟಂ ಎಂಬ ಹೆಸರಿತ್ತು. ಆ ಹೆಸರಿಗೆ ಕಾರಣವಾದ ಗಣಪತಿಯ ದೇವಾಲಯ ಇಂದಿಗೂ ಪಟ್ಟಣದಲ್ಲಿದೆ. ಇದರ ಜೊತೆಗೆ, ಕರ್ನಾಟಕದಿಂದ ಬಂದು ನೆಲೆಸಿದ ಜೈನರು ಇಟ್ಟ ಹೆಸರೆಂದು ಹೇಳಲಾಗುವ ಮತ್ತೊಂದಿದೆ: ಹನ್ನೆರಡು ಬೀದಿ. ಮಲಯಾಳದಲ್ಲಿ ಹನ್ನೆರಡಕ್ಕೆ ಪಂತ್ರಂಡ್ ಎನ್ನಬೇಕು, ಬೀದಿಗೆ ತೆರುವ್ ಎನ್ನಬೇಕು. ಹನ್ನೆರಡು ಬೀದಿ ಎಂಬ ಹೆಸರಿನ ಎರಡು ಪದಗಳಿಗೂ ಅರ್ಥ ಹೇಳಲು ನಿಘಂಟು ಬೇಕಾಗದ ಮಕ್ಕಳು ಆ ಊರಿನ ಹೋಟೆಲಿನಲ್ಲಿ ಬಿರಿಯಾನಿ ಉಂಡು ಹೊರಟುಬಿಡುತ್ತಾರೆ.

2024ರ ಲೋಕಸಭಾ ಚುನಾವಣೆಯ ಪ್ರಚಾರದಲ್ಲಿ ಸುಲ್ತಾನ್ ಬತ್ತೇರಿಗೆ ಗಣಪತಿವಟ್ಟಂ ಎಂದು ಮರುನಾಮಕರಣ ಮಾಡಬೇಕೆಂಬ ಕೂಗು ಎದ್ದಿತು. ಪರ ವಿರೋಧದ ಮಾತುಗಳು ಪತ್ರಿಕೆಗಳ ಪುಟ ತುಂಬಿದವು. ಎರಡು ಹೆಸರುಗಳ ಆ ಜಗಳದಲ್ಲಿ ಮೂರನೆಯ ಹೆಸರಿನ ಪರವಾಗಿ ನಿಲ್ಲುವವರು ಕಾಣಲಿಲ್ಲ. ಹಾಗೆ ನಿಲ್ಲಬೇಕೆಂದೂ ಇಲ್ಲ. ಒಂದು ಊರು ಮೂರು ಹೆಸರುಗಳನ್ನು ಹೊತ್ತು ಬಾಳಬಲ್ಲುದು. ಆದರೆ ಮಂಜೇಶ್ವರವು ಮಂಜೇಶ್ವರಂ ಆಗುವುದನ್ನು ದಿನವೂ ಫಲಕಗಳಲ್ಲಿ ಕಾಣುವ ಮನೆಗಳ ಮಕ್ಕಳು ಈ ಹೆಸರನ್ನು ಒಮ್ಮೆಯಾದರೂ ಬಾಯಿಬಿಟ್ಟು ಹೇಳುವುದು, ಆ ಬೀದಿಯಲ್ಲಿ ನಿಂತೇ ಹೇಳುವುದು, ಪ್ರವಾಸದ ಖರ್ಚಿಗೆ ತಕ್ಕ ಗಳಿಕೆಯೇ ಸರಿ.

ಬಸದಿ ಪಟ್ಟಣದೊಳಗೇ ಇದೆ. ಊರವರು ಇದನ್ನು ಕಿಡಂಗನಾಡು ಬಸ್ತಿ ಎಂದೂ ಕರೆಯುತ್ತಾರೆ. ಬಸ್ತಿ ಎಂಬ ಮಾತನ್ನು ಗಮನಿಸಬೇಕು. ಬಂಗ್ರಮಂಜೇಶ್ವರದಲ್ಲೂ ಮೂಡುಬಿದಿರೆಯಲ್ಲೂ ಜೈನ ದೇವಾಲಯವನ್ನು ಕರೆಯುವ ಮಾತು ಅದೇ. ಗರ್ಭಗೃಹ, ಅಂತರಾಳ, ಮಹಾಮಂಟಪ, ಮುಖಮಂಟಪ ಎಂಬ ವಿಭಾಗಗಳನ್ನು ಪಾಠಪುಸ್ತಕದಲ್ಲಿ ಓದಿದ ಮಕ್ಕಳಿಗೆ ಅವನ್ನು ಇಲ್ಲಿ ಬೆರಳಿಟ್ಟು ತೋರಿಸಬಹುದು. ವಿಜಯನಗರ ಶೈಲಿಯ ಕಟ್ಟಡವೆಂದು ವಿದ್ವಾಂಸರು ಗುರುತಿಸಿದ್ದಾರೆ. ಕಂಬಗಳ ಮೇಲೆ ತೀರ್ಥಂಕರರ ಉಬ್ಬುಚಿತ್ರಗಳಿವೆ. ಒಳಗೆ ಮೂರ್ತಿಯಿಲ್ಲ, ಪೂಜೆಯಿಲ್ಲ. ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿದೆ. ಮೂಡುಬಿದಿರೆಯ ಸಾವಿರ ಕಂಬದ ಬಸದಿಯ ವೈಭವವನ್ನು ನಿರೀಕ್ಷಿಸಿ ಹೋದವರಿಗೆ ಇದು ತೀರ ಚಿಕ್ಕದಾಗಿ ಕಾಣುತ್ತದೆ. ಅರ್ಧ ಗಂಟೆ ಸುಮ್ಮನೆ ಕುಳಿತರೆ ಅದರ ಗಾಂಭೀರ್ಯ ತಿಳಿಯುತ್ತದೆ. ಮೊದಲು ದೇವಾಲಯ, ಬಳಿಕ ವ್ಯಾಪಾರದ ತಾಣ, ಆಮೇಲೆ ಮದ್ದಿನ ಮನೆ, ಈಗ ಸಂರಕ್ಷಿತ ಸ್ಮಾರಕ ಎಂದು ನಾಲ್ಕು ಜನ್ಮಗಳನ್ನು ಕಂಡ ಕಟ್ಟಡವನ್ನು ಹತ್ತು ನಿಮಿಷದಲ್ಲಿ ಮುಗಿಸುವುದು ಅನ್ಯಾಯ.

ಸಮುದ್ರದಿಂದ ಇಷ್ಟು ಸಮೀಪದ, ಮಲಯಾಳದ ನಾಡಾದ ವಯನಾಡಿಗೆ ಕನ್ನಡ ಬಂದದ್ದು ಹೇಗೆ? ಉತ್ತರವು ರಸ್ತೆಯಲ್ಲೇ ಇದೆ. ಕೋಯಿಕ್ಕೋಡಿನಿಂದ ಬರುವವರು ತಾಮರಶ್ಶೇರಿ ಚುರದ ಒಂಬತ್ತು ಕಡಿದಾದ ತಿರುವುಗಳನ್ನು ಏರಬೇಕು. ಕಣ್ಣೂರಿನಿಂದ ಬರುವವರಿಗೂ ಘಟ್ಟ ತಪ್ಪಿದ್ದಲ್ಲ. ಆದರೆ ಗುಂಡ್ಲುಪೇಟೆಯಿಂದ ಬತ್ತೇರಿಗೆ ಬರುವವರಿಗೆ ಬಂಡೀಪುರ ಮುತ್ತಂಗಗಳ ಕಾಡು ಸಿಗುತ್ತದೆಯೇ ಹೊರತು ಅಂಥ ಏರು ಎದುರಾಗುವುದಿಲ್ಲ. ನೆಲದ ಲೆಕ್ಕದಲ್ಲಿ ವಯನಾಡು ಮೈಸೂರು ಪ್ರಸ್ಥಭೂಮಿಯ ಪಡುವಣ ಅಂಚು. ದನಗಾಹಿಗಳೂ ವರ್ತಕರೂ ಸೈನ್ಯಗಳೂ ಮೂಡಣದಿಂದ ಸಲೀಸಾಗಿ ನಡೆದು ಬಂದರು. ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಪುಣಿಸಮಯ್ಯನು ನೀಲಗಿರಿಯನ್ನು ಗೆದ್ದು ಕೇರಳಕ್ಕೆ ಒಡೆಯನಾದನೆಂದು ಚಾಮರಾಜನಗರದ 1117ರ ಶಾಸನ ಹೊಗಳುತ್ತದೆ. ಆ ಶಾಸನವಿರುವುದು ಅವನೇ ಕಟ್ಟಿಸಿದ ಪಾರ್ಶ್ವನಾಥ ಬಸದಿಯಲ್ಲಿ. ಶಾಸನಗಳ ಹೊಗಳಿಕೆಯನ್ನು ಅಕ್ಷರಶಃ ನಂಬಬೇಕಾಗಿಲ್ಲ. ದಾರಿ ಮಾತ್ರ ಸುಳ್ಳಲ್ಲ. ಅದಕ್ಕೂ ಹಿಂದೆ ಹನ್ನೊಂದನೆಯ ಶತಮಾನದಲ್ಲೇ ಹೆಗ್ಗಡದೇವನಕೋಟೆಯ ಕಡೆಯ ಕನ್ನಡ ಶಾಸನಗಳು ಬಯಲ್ನಾಡು ಎಂಬ ಸೀಮೆಯನ್ನೂ ಅದನ್ನಾಳಿದ ಕದಂಬ ಕುಲದ ಅರಸರನ್ನೂ ಹೆಸರಿಸುತ್ತವೆ.

ಬಯಲ್ನಾಡು ಮತ್ತು ವಯನಾಡು ಬೇರೆಬೇರೆ ಹೆಸರುಗಳಲ್ಲ. ಇಲ್ಲಿ ಎರಡೂ ಭಾಷೆ ಬಲ್ಲ ಕಾಸರಗೋಡಿನ ಮಗುವಿಗೆ ಬೇರಾರಿಗೂ ಇಲ್ಲದ ಒಂದು ಸೌಲಭ್ಯವಿದೆ. ಮಲಯಾಳದ ವಕಾರ ಕನ್ನಡದಲ್ಲಿ ಬಕಾರವಾಗುವುದನ್ನು ಅದು ತಿಳಿಯದೆಯೇ ತಿಳಿದಿರುತ್ತದೆ. ಅಲ್ಲಿ ವಿರಲ್, ಇಲ್ಲಿ ಬೆರಳು. ಅಲ್ಲಿ ವಿಲ್ಲ್, ಇಲ್ಲಿ ಬಿಲ್ಲು. ಅಲ್ಲಿ ವೇರ್, ಇಲ್ಲಿ ಬೇರು. ಅಲ್ಲಿ ವಳ್ಳಿ, ಇಲ್ಲಿ ಬಳ್ಳಿ. ಅದೇ ರೀತಿ ವಯಲ್ ಎಂಬುದು ಬಯಲು. ಅರ್ಥ ಮಾತ್ರ ತುಸು ಸರಿದಿದೆ: ಮಲಯಾಳದ ವಯಲ್ ಎಂದರೆ ಭತ್ತದ ಗದ್ದೆ, ಕನ್ನಡದ ಬಯಲು ಎಂದರೆ ತೆರೆದ ನೆಲ. ಗುಡ್ಡಗಳ ನಡುವೆ ಹಾಸಿಕೊಂಡಿರುವ ವಯನಾಡಿನ ಗದ್ದೆಗಳನ್ನು ಕಂಡರೆ ಎರಡು ಅರ್ಥಗಳೂ ಸರಿಯೆನಿಸುತ್ತವೆ. ಪುಲ್ಪಳ್ಳಿಯ ಫಲಕ ಕಂಡಾಗ ಪುಲ್ಲು ಎಂದರೇನೆಂದು ಕೇಳಬಹುದು. ಹಾಲಿಗೆ ಪಾಲ್ ಎಂದೂ ಹುಲಿಗೆ ಪುಲಿ ಎಂದೂ ಮಲಯಾಳದಲ್ಲಿ ಹೇಳುವುದನ್ನು ಬಲ್ಲ ಮಗು ಹುಲ್ಲು ಎಂಬ ಉತ್ತರಕ್ಕೆ ಬೇಗ ಬರುತ್ತದೆ. ಹಳಗನ್ನಡದಲ್ಲಿಯೂ ಅದು ಪುಲ್ಲೇ ಆಗಿತ್ತೆಂಬುದನ್ನು ಅಧ್ಯಾಪಕರು ಸೇರಿಸಿದರೆ ಸಾಕು. ಬಸ್ಸಿನ ಧ್ವನಿವರ್ಧಕದಲ್ಲಿ ಸಿನಿಮಾ ಹಾಡು ನಿಂತ ಒಂದು ಗಂಟೆ ಈ ಆಟಕ್ಕೆ ಮೀಸಲಾಗಲಿ. ವ್ಯಾಕರಣ ತರಗತಿಯಲ್ಲಿ ತೂಕಡಿಸುವವರು ಇಲ್ಲಿ ಮುಂದಿನ ಸೀಟಿಗೆ ಬರುವರು.

ಮಾನಂತವಾಡಿಯಿಂದ ಪನಮರಂ ಮಾರ್ಗವಾಗಿ ಹೋದರೆ ಪುಂಜವಯಲಿನ ಬಳಿ ಎರಡು ಹಳೆಯ ಜೈನ ದೇವಾಲಯಗಳಿವೆ. ಜನಾರ್ದನಗುಡಿ, ವಿಷ್ಣುಗುಡಿ ಎಂದು ಅವುಗಳ ಹೆಸರು. ಜೈನ ಬಸದಿಗೆ ವಿಷ್ಣುವಿನ ಹೆಸರು ಅಂಟಿದ್ದು ಹೇಗೆಂಬುದು ಒಂದು ಪ್ರಶ್ನೆ; ಮಲಯಾಳದವರು ಅಂಬಲ, ಕೋವಿಲ್, ಕ್ಷೇತ್ರ ಎನ್ನುವ ನಾಡಿನಲ್ಲಿ ಗುಡಿ ಎಂಬ ಮಾತು ಉಳಿದದ್ದು ಇನ್ನೊಂದು. ಕಂಬಗಳಲ್ಲಿ, ಗೋಡೆಗಳಲ್ಲಿ ನೂರಾರು ಚಿಕ್ಕ ಕೆತ್ತನೆಗಳು. ಬಹುಕಾಲ ಪೊದೆ ಬೆಳೆದು ಕಲ್ಲು ಜಾರಿ ಬೀಳುವ ಸ್ಥಿತಿಯಲ್ಲಿದ್ದ ಇವು ಈಗ ರಾಷ್ಟ್ರೀಯ ಮಹತ್ತ್ವದ ಸ್ಮಾರಕಗಳಾಗಿವೆ. ಪ್ರವಾಸಿ ಬಸ್ಸುಗಳು ಇಲ್ಲಿ ನಿಲ್ಲುವುದು ಅಪರೂಪ. ಕುಡಿಯುವ ನೀರನ್ನೂ ತಿಂಡಿಯನ್ನೂ ಜೊತೆಗೆ ಒಯ್ಯುವುದು ಒಳ್ಳೆಯದು.

ಅಂಬಲವಯಲಿನ ಸಮೀಪದ ಅಂಬುಕುತ್ತಿ ಮಲೆಯಲ್ಲಿ ಎಡಕಲ್ಲು ಗವಿಯಿದೆ. ಭಾರತೀಸುತರ ಕಾದಂಬರಿಯಿಂದಲೂ, 1973ರಲ್ಲಿ ಪುಟ್ಟಣ್ಣ ಕಣಗಾಲರು ಅದನ್ನಾಧರಿಸಿ ತೆಗೆದ ಚಿತ್ರದಿಂದಲೂ ಎಡಕಲ್ಲು ಗುಡ್ಡವೆಂಬ ಹೆಸರು ಕನ್ನಡಿಗರ ಮನೆಮಾತಾಗಿದೆ. ಮಕ್ಕಳಿಗಿಂತ ಜೊತೆಗೆ ಬಂದ ಹೆತ್ತವರಿಗೇ ಇಲ್ಲಿ ಉತ್ಸಾಹ ಹೆಚ್ಚು. ಹೆಸರಿನ ಅರ್ಥ ಸರಳ: ಎಡೆಯಲ್ಲಿ ಸಿಕ್ಕಿಕೊಂಡ ಕಲ್ಲು. ಬಂಡೆ ಬಿರುಕು ಬಿಟ್ಟು, ಆ ಬಿರುಕಿನ ಮೇಲೆ ದೊಡ್ಡ ಗುಂಡೊಂದು ಬಿದ್ದು ಸಿಕ್ಕಿಕೊಂಡು ಮಾಡಾಗಿದೆ. ಹೀಗಾಗಿ ಇದನ್ನು ಗವಿಯೆನ್ನುವುದು ರೂಢಿಯ ಮಾತು ಮಾತ್ರ. ಮೇಲಿನ ಕೋಣೆ ಸುಮಾರು 96 ಅಡಿ ಉದ್ದ, 22 ಅಡಿ ಅಗಲ. ಗೋಡೆಗಳ ಮೇಲೆ ಕೊರೆದ ಗೆರೆಗಳಲ್ಲಿ ತಲೆಯುಡುಗೆ ತೊಟ್ಟ ಮನುಷ್ಯರು, ಪ್ರಾಣಿಗಳು, ಚಕ್ರಗಳು, ಆಯುಧಗಳು. ಬಹುಭಾಗ ನವಶಿಲಾಯುಗದ್ದೆಂದು ವಿದ್ವಾಂಸರ ಅಭಿಪ್ರಾಯ. 1890ರ ದಶಕದಲ್ಲಿ ಮಲಬಾರಿನ ಪೊಲೀಸ್ ಅಧಿಕಾರಿ ಫ್ರೆಡ್ ಫಾಸೆಟ್ ಇದನ್ನು ಕಂಡು, 1901ರಲ್ಲಿ ಪ್ರಕಟವಾದ ಲೇಖನದಲ್ಲಿ ಹೊರಜಗತ್ತಿಗೆ ಪರಿಚಯಿಸಿದರು. ಆದಿವಾಸಿಗಳು ಇದನ್ನು ಅದಕ್ಕೂ ಮುಂಚೆಯೇ ಬಲ್ಲವರು. ಹೊಸದಾಗಿ ಕಂಡುಹಿಡಿದದ್ದೆಂದು ಮಕ್ಕಳಿಗೆ ಹೇಳಿಕೊಡುವಾಗ ಈ ಮಾತನ್ನೂ ಹೇಳಬೇಕು.

ಗವಿಯಲ್ಲಿ ಅಕ್ಷರಗಳೂ ಇವೆ. ವಿಷ್ಣುವರ್ಮ ಎಂಬ ಹೆಸರುಳ್ಳ ಒಂದು ಸಂಸ್ಕೃತ ಬರಹವನ್ನು ಶಾಸನತಜ್ಞ ಹುಲ್ಟ್ಜ್ ಓದಿದರು. ಆತ ಕದಂಬ ಅರಸನೋ, ಕಾಡಿನ ಕುರುಂಬ ಕುಲದ ನಾಯಕನೋ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ತಮಿಳು ಬ್ರಾಹ್ಮಿಯ ಬರಹಗಳೂ ಇವೆ. ದುಃಖದ ಸಂಗತಿಯೆಂದರೆ, ಪ್ರಾಚೀನರ ಈ ಗೆರೆಗಳ ನೆರೆಯಲ್ಲೇ ಆಧುನಿಕರು ತಮ್ಮ ಹೆಸರುಗಳನ್ನು ಗೀಚಿ ಹೋಗಿದ್ದಾರೆ. ಏರಲು ಸಾಕಷ್ಟು ಮೆಟ್ಟಿಲುಗಳಿವೆ, ಕೆಲವು ಕಡೆ ಉಕ್ಕಿನ ಏಣಿಗಳಿವೆ. ಮೊಣಕಾಲು ನೋವಿನ ಅಜ್ಜ ಅಜ್ಜಿಯರು ಕೆಳಗೆ ಚಹಾದಂಗಡಿಯಲ್ಲಿ ಕುಳಿತಿರುವುದು ಲೇಸು. ಸೋಮವಾರ ಪ್ರವೇಶವಿಲ್ಲ; ಇದನ್ನು ಗಮನಿಸದೆ ದಿನ ಗೊತ್ತುಮಾಡಿದ ಪ್ರವಾಸಗಳು ಬಾಗಿಲಿನಿಂದ ಮರಳುತ್ತವೆ.

ಕೆಳಗಿಳಿದ ಮೇಲೆ ಅಂಬಲವಯಲಿನ ಪರಂಪರಾ ವಸ್ತುಸಂಗ್ರಹಾಲಯವನ್ನು ಬಿಡಬಾರದು. ಅದರ ನಾಲ್ಕು ವಿಭಾಗಗಳಿಗೆ ವೀರಸ್ಮೃತಿ, ಗೋತ್ರಸ್ಮೃತಿ, ದೇವಸ್ಮೃತಿ, ಜೀವನಸ್ಮೃತಿ ಎಂದು ಹೆಸರಿಟ್ಟಿದ್ದಾರೆ. ವೀರಸ್ಮೃತಿಯಲ್ಲಿರುವುದು ವೀರಗಲ್ಲುಗಳು. ಕರ್ನಾಟಕದ ಊರೂರಿನಲ್ಲಿ ಕೆರೆಯ ಏರಿಯ ಮೇಲೂ ಊರ ಬಾಗಿಲಲ್ಲೂ ನಿಂತಿರುವಂಥ ಕಲ್ಲುಗಳೇ. ಕಾಳಗದಲ್ಲಿ ಮಡಿದವನನ್ನು ಕಲ್ಲಿನಲ್ಲಿ ನಿಲ್ಲಿಸುವ ಪದ್ಧತಿ ಮೂಡಣ ದಾರಿಯುದ್ದಕ್ಕೂ ಇಲ್ಲಿಯವರೆಗೆ ಹಬ್ಬಿತ್ತೆಂಬುದಕ್ಕೆ ಇವು ಸಾಕ್ಷಿ.

ಕಲ್ಲುಗಳ ಮಾತು ಇಷ್ಟಾಯಿತು. ವಯನಾಡಿನಲ್ಲಿ ಕನ್ನಡವು ಮನುಷ್ಯರ ಬಾಯಲ್ಲಿಯೂ ಉಳಿದಿದೆ. ಶತಮಾನಗಳ ಹಿಂದೆ ಕರ್ನಾಟಕದಿಂದ ಬಂದ ಜೈನ ಗೌಡ ಮನೆತನಗಳು ಕಲ್ಪಟ್ಟ, ಮಾನಂತವಾಡಿ, ಪನಮರಗಳ ಸುತ್ತ ನೆಲೆಸಿವೆ. ಕಲ್ಪಟ್ಟದ ಬಳಿಯ ಪುಳಿಯಾರ್ಮಲೆಯಲ್ಲಿ ಅನಂತನಾಥಸ್ವಾಮಿಯ ದೇವಾಲಯವಿದೆ. ಅಲ್ಲಿ ಪೂಜೆ ನಿಂತಿಲ್ಲ. 1957ರಲ್ಲಿ ತಲಶ್ಶೇರಿ ಕ್ಷೇತ್ರದಿಂದ ಲೋಕಸಭೆಗೆ ಆಯ್ಕೆಯಾದ ಎಂ. ಕೆ. ಜಿನಚಂದ್ರನ್ ಈ ಸಮುದಾಯದವರು. ಕಲ್ಪಟ್ಟದಲ್ಲಿ 1936ರಲ್ಲಿ ಹುಟ್ಟಿದ ಎಂ. ಪಿ. ವೀರೇಂದ್ರಕುಮಾರ್ ಸಹ ಈ ಸಮುದಾಯದವರೇ. ಮಾತೃಭೂಮಿ ಪತ್ರಿಕೆಯನ್ನು ಮುನ್ನಡೆಸಿ, ಕೇಂದ್ರದಲ್ಲಿ ಸಚಿವರಾಗಿದ್ದ ಅವರಿಗೆ ಹಿಮಾಲಯ ಪ್ರವಾಸದ ಗ್ರಂಥಕ್ಕಾಗಿ 2010ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತು. ಪ್ರಶಸ್ತಿ ಬಂದದ್ದು ಮಲಯಾಳ ಗ್ರಂಥಕ್ಕೆ. ಇದನ್ನು ದೂರೆಂದು ಹೇಳಬೇಕಾಗಿಲ್ಲ. ಬರೆಯುವ ಭಾಷೆಯನ್ನು ಮನುಷ್ಯನಿಗೆ ಕೊಡುವುದು ಶಾಲೆ; ಕಾಸರಗೋಡಿನಲ್ಲಿರುವಂಥ ಕನ್ನಡ ಶಾಲೆಗಳ ಜಾಲ ವಯನಾಡಿನಲ್ಲಿ ಇಲ್ಲ. 1956ರ ನವೆಂಬರ್ 1ರಂದು ಎರಡೂ ನಾಡುಗಳು ಒಂದೇ ದಿನ ಕೇರಳವನ್ನು ಸೇರಿದವು. ಒಂದೆಡೆ ಮನೆಯ ಕನ್ನಡಕ್ಕೆ ಬೆಂಬಲವಾಗಿ ಕಪ್ಪು ಹಲಗೆಯಿತ್ತು. ಇನ್ನೊಂದೆಡೆ ಕನ್ನಡವು ಅಡುಗೆಮನೆಯ, ಬಸದಿಯ ಭಾಷೆಯಾಗಿ ಉಳಿಯಿತು.

ಇನ್ನೂ ಆಳದ ಸಂಗತಿ ಕಾಡಿನಂಚಿನಲ್ಲಿದೆ. ಕೇರಳ ಸರಕಾರದ ಪಟ್ಟಿಯಲ್ಲಿ ಕಾಟ್ಟುನಾಯ್ಕರೆಂದು ಕರೆಸಿಕೊಳ್ಳುವ ಬುಡಕಟ್ಟಿನವರನ್ನು ಗಡಿಯಾಚೆಯ ಜೇನುಕುರುಬರ ಹತ್ತಿರದ ಬಂಧುಗಳೆಂದು ಗುರುತಿಸುತ್ತಾರೆ. ಅವರ ಮನೆಮಾತು ಕನ್ನಡಕ್ಕೆ ತೀರ ಸಮೀಪ. ಆ ಮನೆಯ ಮಗು ಮಲಯಾಳ ಮಾಧ್ಯಮದ ಒಂದನೆಯ ತರಗತಿಗೆ ಕಾಲಿಟ್ಟಾಗ ಅಧ್ಯಾಪಕರ ಮಾತು ಅದಕ್ಕೆ ಹೊಸದು, ಅದರ ಮಾತು ಅಧ್ಯಾಪಕರಿಗೆ ಹೊಸದು. ಆದಿವಾಸಿ ಮಕ್ಕಳು ಶಾಲೆ ಬಿಡುವುದಕ್ಕಿರುವ ಹಲವು ಕಾರಣಗಳಲ್ಲಿ ಇದೂ ಒಂದೆಂದು ಒಪ್ಪಿಕೊಂಡು, ಬುಡಕಟ್ಟುಗಳಿಗೇ ಸೇರಿದ ಯುವಕ ಯುವತಿಯರನ್ನು ವಯನಾಡಿನ ಪ್ರಾಥಮಿಕ ಶಾಲೆಗಳಲ್ಲಿ ನೇಮಿಸುವ ಗೋತ್ರಬಂಧು ಯೋಜನೆಯನ್ನು ಸರಕಾರ 2017ರಲ್ಲಿ ಆರಂಭಿಸಿತು. ಕನ್ನಡ ಬಾರದ ಅಧ್ಯಾಪಕರು ಕನ್ನಡ ತರಗತಿಗೆ ನೇಮಕಗೊಂಡಾಗ ಬೀದಿಗಿಳಿದ ಕಾಸರಗೋಡಿನ ಹೆತ್ತವರಿಗೆ ಇದರ ಅರ್ಥವನ್ನು ವಿವರಿಸಿ ಹೇಳಬೇಕಾಗಿಲ್ಲ. ಆದರೆ ಒಂದು ಎಚ್ಚರ: ಹಾಡಿಗಳು ಪ್ರವಾಸದ ತಾಣಗಳಲ್ಲ. ಅಂಗಳಕ್ಕೆ ಬಸ್ಸು ನಿಲ್ಲಿಸಿ ಮಕ್ಕಳ ಚಿತ್ರ ತೆಗೆಯುವ ಚಪಲವನ್ನು ಬಿಡಬೇಕು. ಶಾಲೆಯೊಂದರ ಮುಖ್ಯೋಪಾಧ್ಯಾಯರಿಗೆ ಮೊದಲೇ ಬರೆದು, ಎರಡು ಶಾಲೆಗಳ ಮಕ್ಕಳು ಒಂದು ಮಧ್ಯಾಹ್ನ ಜೊತೆಗೆ ಉಂಡು ಆಡುವಂತೆ ಮಾಡಿದರೆ ಮಾತು ತಾನಾಗಿ ಹರಿಯುತ್ತದೆ. ನೀರು, ಹಾಲು, ಬೆರಳು ಎಂಬ ಪದಗಳಿಂದ ತೊಡಗಿದರೆ ಸಾಕು.

ಮೇಪ್ಪಾಡಿಯ ಕಡೆಗೆ ಹೋಗುವ ಯೋಚನೆಯಿದ್ದವರಿಗೆ ಇನ್ನೊಂದು ಮಾತು. 2024ರ ಜುಲೈ 30ರ ನಸುಕಿನಲ್ಲಿ ಮುಂಡಕ್ಕೈ, ಚೂರಲ್‌ಮಲಗಳ ಮೇಲೆ ಗುಡ್ಡ ಕುಸಿದು ಇನ್ನೂರಕ್ಕೂ ಹೆಚ್ಚು ಜನ ಸತ್ತರು. ವೆಳ್ಳಾರ್ಮಲೆಯ ಸರಕಾರಿ ಶಾಲೆ ತನ್ನ ಮಕ್ಕಳನ್ನು ಕಳೆದುಕೊಂಡಿತು. ಉಳಿದವರಿಗೆ ಮೇಪ್ಪಾಡಿಯಲ್ಲಿ ತರಗತಿಗಳು ಮತ್ತೆ ತೆರೆದವು. ಅದನ್ನು ನೋಡುವ ಸ್ಥಳಗಳ ಪಟ್ಟಿಯಲ್ಲಿ ಸೇರಿಸದಿರುವುದೇ ಸೌಜನ್ಯ.

ಮೂರನೆಯ ದಿನವೂ ಕೈಯಲ್ಲಿರುವವರು ಬ್ರಹ್ಮಗಿರಿಯ ಮಡಿಲಿನ ತಿರುನೆಲ್ಲಿಗೆ ಹೋಗಬಹುದು. ಗುಡ್ಡದ ತೊರೆಯ ನೀರನ್ನು ಕಲ್ಲಿನ ಕಂಬಗಳ ಮೇಲೆ ಇರಿಸಿದ ಕಲ್ಲಿನ ದೋಣಿಗಳ ಮೂಲಕ ದೇವಾಲಯಕ್ಕೆ ಹರಿಸುವ ಏರ್ಪಾಡು ಎಂಜಿನಿಯರಾಗಲು ಹಂಬಲಿಸುವ ಮಕ್ಕಳನ್ನು ಕದಲಗೊಡುವುದಿಲ್ಲ. ಅದೇ ಬೆಟ್ಟಸಾಲಿನ ಆಚೆ ಮಗ್ಗುಲಲ್ಲಿ ಕೊಡಗಿನ ಇರ್ಪು ಜಲಪಾತ.

ಎರಡು ದಿನಗಳ ಪ್ರವಾಸವಾದರೆ ಮೊದಲ ದಿನ ಮಾನಂತವಾಡಿ, ಪುಂಜವಯಲ್, ಸಂಜೆಗೆ ಬತ್ತೇರಿಯ ಬಸದಿ. ಎರಡನೆಯ ದಿನ ಬೆಳಗ್ಗೆ ಎಡಕಲ್ಲು, ಬಳಿಕ ವಸ್ತುಸಂಗ್ರಹಾಲಯ, ಮಧ್ಯಾಹ್ನದ ಊಟಕ್ಕೆ ಹಿಂತಿರುಗುವ ದಾರಿ. ಮಾನಂತವಾಡಿಯಲ್ಲಿ ಪಳಶ್ಶಿ ರಾಜನ ಸಮಾಧಿಯಿದೆ. ಕಂಪೆನಿಯ ಸೈನ್ಯದೊಡನೆ ಕಾದಾಡುತ್ತ ಪುಲ್ಪಳ್ಳಿಯ ಬಳಿ 1805ರ ನವೆಂಬರ್ 30ರಂದು ಮಡಿದವನು ಆತ. ಹತ್ತಿರದಲ್ಲೇ ಹರಿಯುವ ಮಾನಂತವಾಡಿ ಹೊಳೆ ಮುಂದೆ ಪನಮರಂ ಹೊಳೆಯನ್ನು ಕೂಡಿ ಕಬಿನಿಯಾಗುತ್ತದೆ. ಕೇರಳದ ಹೊಳೆಗಳಲ್ಲಿ ಮೂಡಣಕ್ಕೆ ಹರಿಯುವ ಮೂರರಲ್ಲಿ ಅದೂ ಒಂದು. ಸೇತುವೆಯ ಮೇಲೆ ಐದು ನಿಮಿಷ ನಿಂತು ನೀರು ಯಾವ ದಿಕ್ಕಿಗೆ ಹೋಗುತ್ತಿದೆಯೆಂದು ಮಕ್ಕಳು ನೋಡಲಿ. ಬೀಚನಹಳ್ಳಿಯ ಅಣೆಕಟ್ಟು ದಾಟಿ, ನಂಜನಗೂಡಿನ ಸೋಪಾನಗಳನ್ನು ತೊಳೆದು, ತಿರುಮಕೂಡಲಿನಲ್ಲಿ ಅದು ಕಾವೇರಿಯನ್ನು ಸೇರುತ್ತದೆ. ಬಸ್ಸು ಇನ್ನೊಂದು ದಿಕ್ಕಿಗೆ ಹೊರಡಬೇಕು. ಕತ್ತಲಾಗುವ ಮುನ್ನ ಪೇರಿಯ ಘಟ್ಟ ಇಳಿದರೆ ಚಾಲಕರಿಗೂ ಮನೆಯಲ್ಲಿ ಕಾಯುವವರಿಗೂ ನೆಮ್ಮದಿ.